ಗೋಡೆಯ ಮೇಲಿನ ಬಸುರಿ

ಮಸಿನಗುಡಿ
೧೧ ಜೂನ್ ೨೦೨೫

ಪ್ರೀತಿಯ ಅತ್ತೆಯವರಿಗೆ ರಮ್ಯಾ ಮಾಡುವ ನಮಸ್ಕಾರಗಳು.

ಮಂಡಿನೋವು ಈಗ ಹೇಗಿದೆ? ಗುಂಡ್ಲುಪೇಟೆಯಲ್ಲಿ ಅತ್ತಿಗೆಯ ಮನೆಯಲ್ಲಿ ಇದ್ದೀರಿ ಎಂಬುದೇ ನನಗೊಂದು ಸಮಾಧಾನ. ನಾನು ಭಾನುವಾರದಿಂದ ಅಪ್ಪನ ಮನೆಯಲ್ಲಿದ್ದೇನೆ. ಅವಳಿಗೆ ಹುಷಾರಿಲ್ಲ, ನಾಲ್ಕು ದಿನ ಇದ್ದು ಬರುತ್ತಾಳೆ ಎಂದು ನಿಮ್ಮ ಮಗ ಹೇಳಿರಬಹುದು. ನಾನು ಹುಷಾರಾಗಿಯೇ ಇದ್ದೇನೆ. ಬೊಕ್ಕಾಪುರಂನ ಅವರ ಆ ರೆಸಾರ್ಟಿಗೆ ಮಾತ್ರ ಮತ್ತೆ ಕಾಲಿಡುವುದಿಲ್ಲ. ಫೋನಿನಲ್ಲಿ ಹೇಳಹೊರಟರೆ ನೀವು ಅಳುತ್ತೀರಿ, ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲಿನ ಊಟದ ಹಾಲ್‌ನ ಗೋಡೆಗೆ ಹಾಕಿದ ಆ ಕರಿಗಲ್ಲಿನ ಹಲಗೆ ನಿಮಗೆ ನೆನಪಿರಬೇಕು. ಕೋಟ್ಯಂತರ ವರ್ಷಗಳ ಹಿಂದೆ ಕಡಲಲ್ಲಿ ಬೇಟೆಯಾಡಿಕೊಂಡಿದ್ದ ಪ್ರಾಣಿಯ ಪಳೆಯುಳಿಕೆ, ಜರ್ಮನಿಯಿಂದ ತರಿಸಿದ್ದು ಎಂದು ನಿಮ್ಮ ಮಗ ತೋರಿಸಿದ್ದರು. ಉದ್ದನೆಯ ಮೂತಿ, ಸಾಲು ಹಲ್ಲು, ತಟ್ಟೆಯಗಲದ ಕಣ್ಣುಗುಳಿ, ಬಾಚಣಿಗೆಯಂಥ ಪಕ್ಕೆಲುಬು. ಆ ಪಕ್ಕೆಲುಬುಗಳ ಒಳಗೆ ಬೆರಳುದ್ದದ ಇನ್ನೊಂದು ಬೆನ್ನೆಲುಬು. ಹೊಟ್ಟೆಯಲ್ಲಿ ಮರಿಯಿದ್ದಾಗಲೇ ಸತ್ತು ಕಡಲ ಕೆಸರಿಗೆ ಇಳಿದದ್ದಂತೆ. ಇಂಥದ್ದು ಅಪರೂಪವೆಂದು ಮರಿಯ ಮೇಲೆ ಬೀಳುವಂತೆ ಪುಟ್ಟ ದೀಪ ಬೇರೆ ಹಾಕಿಸಿದ್ದರು.

ನೀವು ಕೋಲೂರಿಕೊಂಡು ಅದರ ಮುಂದೆ ಬಹಳ ಹೊತ್ತು ನಿಂತಿರಿ. ಆಮೇಲೆ, “ಬಸುರಿ ಹೆಣ ಕಣಪ್ಪ ಇದು. ಜನ ಉಣ್ಣೋ ತಾವ ತೂಗಾಕ್ಬುಟ್ಟಿದೀಯಲ್ಲ” ಅಂದಿರಿ. ಅವರು ನಕ್ಕು, “ಅವ್ವ, ಕಲ್ಲಾಗಿ ಎಷ್ಟು ಕಾಲ ಆಯ್ತು ಗೊತ್ತಾ?” ಎಂದರು. ನೀವು ನನ್ನ ಕೈ ಹಿಡಿದುಕೊಂಡು ಹೊರಗೆ ಬಂದಿರಿ. ಫೆಬ್ರವರಿಯಲ್ಲಿ ಬಸುರಿನ ಏಳನೇ ತಿಂಗಳಿಗೇ ನನ್ನ ಮಗು ಹೋದ ಮೇಲೆ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡವರು ನೀವೊಬ್ಬರೇ.

ಭಾನುವಾರ ಆ ಹೊಸ ಹಾಲ್‌ನಲ್ಲಿ ಮೊದಲ ಊಟ. ಕೊಯಮತ್ತೂರು, ಬೆಂಗಳೂರಿನಿಂದ ದೊಡ್ಡವರನ್ನು ಕರೆಸಿದ್ದರು. ನಾನು ಬಡಿಸುವವರ ಜೊತೆ ಓಡಾಡುತ್ತಿದ್ದೆ. ಒಬ್ಬ ಮನುಷ್ಯ ಕರಿದ ಮೀನಿನ ತುಂಡನ್ನು ಆ ಪ್ರಾಣಿಯ ಹಲ್ಲಿಗೆ ಸಿಕ್ಕಿಸಿ ಫೋಟೋ ತೆಗೆಸಿಕೊಂಡ. ಎಣ್ಣೆ ಕಲ್ಲಿನ ಮೇಲೆ ಇಳಿಯುತ್ತಿತ್ತು. ಇನ್ನೊಬ್ಬ, ಒಂದಕ್ಕೆ ಒಂದು ಉಚಿತವಾಗಿ ಸಿಕ್ಕಿದೆಯಲ್ಲ ಎಂದ. ಎಲ್ಲರೂ ನಕ್ಕರು, ನಿಮ್ಮ ಮಗನೂ.

ಆಮೇಲೆ ಅವರು ಲೋಟ ತಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದರು. ನಾವು ಒಂದು ಮಗುವನ್ನು ಕಳೆದುಕೊಂಡೆವು, ಆ ದುಃಖದಲ್ಲಿ ನನ್ನ ಹೆಂಡತಿಗಾಗಿ ಈ ತಾಯಿಯನ್ನು ಹುಡುಕಿ ತಂದೆ ಎಂದರು. ಅವರ ಗಂಟಲು ಎಲ್ಲಿ ಕಟ್ಟಬೇಕೋ ಅಲ್ಲಿ ಕಟ್ಟಿತು. “ಬಾ ರಮ್ಯಾ, ಇಲ್ಲಿ ದೀಪದ ಕೆಳಗೆ ನಿಂತ್ಕೋ” ಎಂದು ಕರೆದರು. ನಿಂತೆ ಅತ್ತೆ. ಯಾಕೆ ನಿಂತೆನೋ ತಿಳಿಯದು. ಫೋನುಗಳೆಲ್ಲ ಮೇಲೆದ್ದವು. ಒಬ್ಬ ಹೆಂಗಸು ಮೀನು ತಿಂದ ಬೆರಳಿನಿಂದಲೇ ನನ್ನ ಕೆನ್ನೆ ಸವರಿ, ಇದನ್ನು ನೋಡಿದಾಗ ಮನಸ್ಸಿಗೆ ಹಗುರವಾಗುತ್ತದೆಯೇ ಎಂದು ತಮಿಳಿನಲ್ಲಿ ಕೇಳಿದಳು.

ನಾನು ಅವಳಿಗೇ ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ: “ಈ ಕಲ್ಲಿಗೆ ಆರ್ಡರ್ ಕೊಟ್ಟಾಗ ನಾನಿನ್ನೂ ಬಸುರಿ ಆಗಿರಲಿಲ್ಲ. ಮಗು ಹೋದ ದಿನ ಇವರು ಚೆನ್ನೈ ಬಂದರಿನಲ್ಲಿದ್ದರು, ಇದರ ಪೆಟ್ಟಿಗೆ ಬಿಡಿಸಿಕೊಳ್ಳುತ್ತಾ.”

ಆಸ್ಪತ್ರೆಯಲ್ಲಿ ಅವಳ ಪಕ್ಕದಲ್ಲೇ ಇದ್ದೆ ಎಂದು ನಿಮ್ಮ ಮಗ ನಿಮಗೆ ಹೇಳಿದ್ದು ಸುಳ್ಳು ಅತ್ತೆ. ಊಟಿಯ ಆಸ್ಪತ್ರೆಯಿಂದ ಅಪ್ಪ ಫೋನ್ ಮಾಡಿದಾಗ, ಸಹಿ ಮಾಡದೆ ಹೊರಟರೆ ಪೆಟ್ಟಿಗೆ ಇಲ್ಲೇ ಉಳಿಯುತ್ತದೆ ಮಾವ, ನೀವೇ ನೋಡಿಕೊಳ್ಳಿ ಎಂದರಂತೆ. ಅಪ್ಪನೇ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ನಮ್ಮ ತೋಟದ ಮೂಲೆಯಲ್ಲಿ ಮಣ್ಣು ಮಾಡಿದರು. ನಿಮ್ಮ ಮಗ ಬಂದದ್ದು ಎಲ್ಲ ಮುಗಿದ ಮೇಲೆ, ಆ ಪೆಟ್ಟಿಗೆ ಹೊತ್ತ ಲಾರಿಯ ಹಿಂದೆಯೇ.

ಅಂದು ಎಲ್ಲರೆದುರು ನಾನು ಹಾಗೆಂದ ಕೂಡಲೇ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, “ಪಾಪ, ಇವಳು ಇನ್ನೂ ಸುಧಾರಿಸಿಕೊಂಡಿಲ್ಲ” ಎಂದರು. ಎಲ್ಲರೂ ಕರುಣೆಯಿಂದ ತಲೆದೂಗಿದರು. ನಾನು ಆಡಿದ ನಿಜವೂ ಅವರ ಕಥೆಯೊಳಗೆ ಸೇರಿಹೋಯಿತು. ಬಟ್ಟಲುಗಳ ಸದ್ದು ಮತ್ತೆ ಶುರುವಾಯಿತು. ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಕೆನ್ನೆಯನ್ನು ಎಷ್ಟು ಸಲ ತೊಳೆದರೂ ಮೀನಿನ ವಾಸನೆ ಹೋಗಲಿಲ್ಲ. ಜೀಪ್ ಓಡಿಸುವ ಮಾದನನ್ನು ಕರೆದು ಉಟ್ಟ ಸೀರೆಯಲ್ಲೇ ಇಲ್ಲಿಗೆ ಬಂದೆ.

ಮಾರನೆಯ ದಿನ ಅವರ ಮೆಸೇಜ್ ಬಂತು. ಹೇಗಿದ್ದೀಯ ಎಂದಲ್ಲ. ಶನಿವಾರ ಪತ್ರಿಕೆಯೊಂದರ ಫೋಟೋಗ್ರಾಫರ್ ಬರುತ್ತಾನೆ, ಆ ನೀಲಿ ಸೀರೆ ಉಟ್ಟುಕೊಂಡು ಬಾ, ಅವ್ವನನ್ನೂ ಕರೆತರುತ್ತೇನೆ, ಕಲ್ಲಿನ ಎರಡೂ ಪಕ್ಕ ನೀವಿಬ್ಬರೂ ಕೂತರೆ ಚೆನ್ನಾಗಿ ಬರುತ್ತದೆ ಎಂದು. ಓದಿ ಫೋನನ್ನು ಮಗುಚಿಟ್ಟೆ. ಅಸಹ್ಯ ಎಂಬ ಮಾತನ್ನು ನಾನು ಅಡಿಗೆಗೆ, ಚರಂಡಿಗೆ ಬಳಸುತ್ತಿದ್ದೆ. ಈಗ ಕಟ್ಟಿಕೊಂಡವರ ಬಗ್ಗೆ ಬಳಸಬೇಕಾಗಿದೆ. ನಿಮ್ಮ ಮಗನ ಬಗ್ಗೆ ನಿಮಗೇ ಹೀಗೆ ಬರೆದದ್ದಕ್ಕೆ ಬೈಯಬೇಕೆನಿಸಿದರೆ ಬೈಯಿರಿ.

ಆ ಪ್ರಾಣಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ತನ್ನ ಮರಿಯನ್ನು ಒಳಗಿಟ್ಟುಕೊಂಡೇ ಮಲಗಿತ್ತು, ಅಗೆದು ತೆಗೆದವರು ನಾವು.

ಶನಿವಾರ ಬೆಳಿಗ್ಗೆ ಅವರು ಕಾರು ತರುತ್ತಾರೆ. ಹೋಗಬೇಡಿ ಎನ್ನುವ ಅಧಿಕಾರ ನನಗಿಲ್ಲ, ಹೆತ್ತವರು ನೀವು. ಹೋದರೂ ನಾನು ನಿಮ್ಮನ್ನು ದೂರುವುದಿಲ್ಲ. ಬದಲಿಗೆ ಇಲ್ಲಿಗೆ ಬರುವುದಾದರೆ ಅಪ್ಪ ಬಸ್ ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಬರುತ್ತಾರೆ. ನಾನು ಅಪ್ಪನ ಅಂಗಡಿಯಲ್ಲಿ ಕೂರಲು ಶುರುಮಾಡಿದ್ದೇನೆ.

ಮಾತ್ರೆ ತಪ್ಪಿಸಬೇಡಿ.

ನಿಮ್ಮ ಸೊಸೆಯಾಗಿಯೇ ಉಳಿಯುವ,
ರಮ್ಯಾ

ತಾ.ಕ.: ಅವರ ಭಾಷಣದ ಬಗ್ಗೆ ಬರೆಯುವಾಗ ನಾನು ‘ಮಗು’ ಎಂದು ಬರೆದೆ. ಅವರು ಅಂದದ್ದು ‘ಮಗ’ ಎಂದು. ಕಲ್ಲಿನ ಕೆಳಗಿನ ಹಿತ್ತಾಳೆ ಫಲಕದಲ್ಲೂ ‘ನಮ್ಮ ಮಗನ ನೆನಪಿಗೆ’ ಎಂದೇ ಕೆತ್ತಿಸಿದ್ದಾರೆ. ನಿಮಗೂ ಹಾಗೆಯೇ ಹೇಳಿದ್ದರು. ನೀವು ಮೊಮ್ಮಗ ಎಂದು ಅತ್ತಾಗ ತಿದ್ದುವ ಶಕ್ತಿ ನನಗಿರಲಿಲ್ಲ. ಹೆಣ್ಣುಮಗು ಅತ್ತೆ. ಗಲ್ಲದಲ್ಲಿ ನಿಮ್ಮದೇ ಕುಳಿ ಇತ್ತು. ಗಂಡೋ ಹೆಣ್ಣೋ ಎಂದು ಅವರು ಇವತ್ತಿನವರೆಗೆ ನನ್ನನ್ನು ಕೇಳಿಲ್ಲ.