ಆರು ತುಂಡಿನ ಕಾರು

ಹ್ಯಾಮ್‌ಟ್ರಾಮಿಕ್, ಮಿಶಿಗನ್
ಶನಿವಾರ, ಜೂನ್ 15, 2024

ಪ್ರೀತಿಯ ಇರೆನಾ,

"ನಾಳೆ ಇಲ್ಲಿ ಬಂದು ನಿಂತಿದೆ, ದಯವಿಟ್ಟು ಮುಟ್ಟಬೇಡಿ." ಅಪ್ಪ ಹೇಳುತ್ತಿದ್ದ ಸಾಲು ಹೀಗೇ ಇತ್ತಲ್ಲವೆ? ಪ್ರದರ್ಶನದ ವೇದಿಕೆಯಲ್ಲಿ ಅವನು ಮಾಡಿದ ಕಾರಿನ ಮುಂದೆ ಬರೆದಿತ್ತಂತೆ. "ನಿಂತಿದೆ" ಎಂದಿತ್ತೋ "ಬರುತ್ತಿದೆ" ಎಂದಿತ್ತೋ ಈಗ ನೆನಪಿಲ್ಲ. "ಮುಟ್ಟಬೇಡಿ" ಎನ್ನುವುದು ಅದೇ ಸಾಲಿನ ಬಾಲವೋ, ಪಕ್ಕದಲ್ಲಿದ್ದ ಬೇರೆ ಫಲಕವನ್ನು ಅಪ್ಪ ಕುಚೋದ್ಯಕ್ಕೆ ಸೇರಿಸಿಕೊಂಡಿದ್ದನೋ, ಅದೂ ಗೊತ್ತಿಲ್ಲ. ಮುಟ್ಟಬಾರದಂಥ ನಾಳೆಯನ್ನು ಜನಕ್ಕೆ ಯಾಕೆ ತೋರಿಸಬೇಕಿತ್ತು ಎಂದು ಒಂದು ವಾರದಿಂದ ಯೋಚಿಸುತ್ತಿದ್ದೇನೆ.

ನೀನು ಏಪ್ರಿಲ್‌ನಲ್ಲಿ ಬರೆದ ಕಾಗದಕ್ಕೆ ಜೂನಿನಲ್ಲಿ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸು. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೆ ಜಗಳಕ್ಕಿಳಿಯುತ್ತೇವೆ, ನಾಲ್ಕನೆಯದಕ್ಕೆ ನೀನು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಟ್ಟುಬಿಡಲಾಗದು. ನಿನ್ನ ಮಂಡಿ ಹೇಗಿದೆ? ಟೊಲೀಡೋದ ಆ ಹೊಸ ಡಾಕ್ಟರು ಮೆಟ್ಟಿಲು ಹತ್ತಲು ಬಿಟ್ಟರೆ?

"ಲುದ್ವಿಕಾ, ಈ ಸಲವಾದರೂ ಹಟ ಬಿಡು. ಪ್ರದರ್ಶನದ ವಿಟ್‌ಕಂ ಅವರು ಹೇಳಿದ ಹಾಗೆ ಕಾರನ್ನು ಕೊಟ್ಟುಬಿಡು. ಅಪ್ಪನಿಗೆ ಗೌರವ ಸಿಗುವ ಹೊತ್ತು ಇದು" ಎಂದು ಬರೆದಿದ್ದೀಯ. ನಾನು ಬಿಟ್ಟಿಲ್ಲ. ಯಾಕೆ ಎಂದು ಮೊದಲಿನಿಂದ ಹೇಳುತ್ತೇನೆ. ನೀನು ಕೇಳಿರುವುದೆಲ್ಲ ವಿಟ್‌ಕಂ ಬಾಯಿಂದ.

ಫೆಬ್ರವರಿಯ ಹಿಮಕ್ಕೆ ನಮ್ಮ ಹಿತ್ತಲಿನಾಚೆಯ ಮನೆಯ ನಾಸೆರ್‌ನ ಪಾರಿವಾಳದ ಗೂಡು ಕುಸಿಯಿತು. ಆ ಗೂಡು ಅವನು ಕಟ್ಟಿಸಿದ್ದಲ್ಲ. ಇಪ್ಪತ್ತಾರು ವರ್ಷದ ಹಿಂದೆ ನೊವಾಕ್ ಕುಟುಂಬದಿಂದ ಮನೆ ಕೊಂಡಾಗ ಅದರ ಜೊತೆಗೇ ಬಂದದ್ದು. ಮರುದಿನ ಗೂಡಿನ ಚಾವಣಿಯನ್ನು ತಲೆಯ ಮೇಲೆ ಹೊತ್ತುಕೊಂಡು ನಮ್ಮ ಹಿತ್ತಲಿಗೆ ಬಂದ. ನಜ್ಜುಗುಜ್ಜಾದ ಕಾರುಗಳನ್ನು ನೆಟ್ಟಗೆ ಮಾಡುವುದು ಅವನ ಕಸುಬು. ಅವನ ಕಣ್ಣಿಗೆ ಅದು ಚಾವಣಿಯಾಗಿ ಕಾಣಲಿಲ್ಲ.

"ಅಕ್ಕಾ, ಇದು ಕಾರಿನ ಬಾನೆಟ್ಟು. ಫೈಬರ್‌ದು, ಕೈಯಲ್ಲೇ ಎರಕ ಹಾಕಿದ್ದು. ಒಳಗಡೆ ನಿಮ್ಮಪ್ಪನ ಹೆಸರಿದೆ ನೋಡಿ. ಇಷ್ಟು ವರ್ಷ ನನ್ನ ಪಾರಿವಾಳಗಳು ಅಮೆರಿಕದ ಭವಿಷ್ಯದ ಮೇಲೆ ಹಿಕ್ಕೆ ಹಾಕ್ತಿದ್ವಲ್ಲ" ಎಂದ.

ಒಳಮೈಯಲ್ಲಿ ಪೆನ್ಸಿಲ್ಲಿನ ಗುರುತಿತ್ತು. 3, ಒಂದು ಬಾಣ, ಟಿ. ವ್ರೋನಾ. ಅಪ್ಪ ಮೂರು ಬರೆಯುವಾಗ ಅದರ ತಲೆಯನ್ನು ಚಪ್ಪಟೆ ಮಾಡುತ್ತಿದ್ದನಲ್ಲ, ಹಾಗೇ. ಬಾಣ ಅಂಚಿನ ಕಡೆ ತಿರುಗಿತ್ತು. ಅಲ್ಲಿಗೆ ಎರಡನೆಯದೋ ನಾಲ್ಕನೆಯದೋ ಬಂದು ಕೂಡಬೇಕು ಎಂದು ನಾಸೆರ್ ಹೇಳಿದ. ಆಮೇಲೆ ನಾನು ಮುಂದಿನ ಜಗಲಿಗೆ ಹೋಗಿ ಅಪ್ಪನ ಬೆಂಚನ್ನು ಮಗುಚಿದೆ. ಹಸಿರು ಬಣ್ಣ ಬಳಿದ ಆ ಉದ್ದನೆಯ, ಬಾಗಿದ ಬೆಂಚು. ನಾವು ಅದರ ಮೇಲೆ ಕೂತು ಐಸ್‌ಕ್ರೀಂ ತಿಂದದ್ದು, ಅಮ್ಮ ಬಟಾಣಿ ಸುಲಿದದ್ದು. ಕೆಳಗೆ 4 ಎಂದಿತ್ತು.

1958ರಲ್ಲಿ ಕಾರು ಕಂಪನಿಯ ವಿನ್ಯಾಸದ ಸ್ಟುಡಿಯೋದಿಂದ ಆಜ್ಞೆ ಬಂದ ಕಥೆಯನ್ನು ಅಪ್ಪ ನಮಗೆ ಎಷ್ಟು ಸಲ ಹೇಳಿಲ್ಲ. ಜನಕ್ಕೆ ತೋರಿಸಲೆಂದೇ ಮಾಡಿದ ಕನಸಿನ ಕಾರು ಪ್ರದರ್ಶನ ಮುಗಿದ ಮೇಲೆ ಯಾರ ಕೈಗೂ ಸಿಗಬಾರದು, ಕನಿಷ್ಠ ಆರು ತುಂಡು ಮಾಡಿ ಗುಜರಿಗೆ ಹಾಕಬೇಕು ಎಂದು. ಗರಗಸ ಹಿಡಿಯಲು ಅದರ ಅಚ್ಚು ತೆಗೆದ ಅಪ್ಪನನ್ನೇ ಕರೆದರು. ಗುಮಾಸ್ತ ಒಂದು, ಎರಡು ಎಂದು ಆರರವರೆಗೆ ಎಣಿಸಿ ರುಜು ಹಾಕಿ ಊಟಕ್ಕೆ ಹೋದ. ಆದರೆ ಆ ಕಾರನ್ನು ಮೊದಲು ಮಾಡಿದ್ದೇ ಆರು ಅಚ್ಚಿನಲ್ಲಿ. ಬಣ್ಣದ ಕೆಳಗೆ ಜೋಡಣೆ ಎಲ್ಲೆಲ್ಲಿದೆ ಎಂದು ಅಪ್ಪನಿಗೆ ಬೆರಳ ತುದಿಯಲ್ಲಿ ಗೊತ್ತಿತ್ತು. ಅವನು ಕುಯ್ದದ್ದು ಆ ಜೋಡಣೆಗಳ ಮೇಲೆ, ಬೇರೆಲ್ಲೂ ಅಲ್ಲ. "ನಾನು ಕಡೀಲಿಲ್ಲ, ಬಿಚ್ಚಿದೆ" ಎನ್ನುತ್ತಿದ್ದ. ನಾವು ಕಣ್ಣು ಮೇಲಕ್ಕೆ ತಿರುಗಿಸುತ್ತಿದ್ದೆವು.

ಗುಜರಿಗೆ ಹೋಗಬೇಕಿದ್ದ ತುಂಡುಗಳು ದೊಡ್ಡಪ್ಪನ ಸಾಸೇಜಿನ ವ್ಯಾನಿನಲ್ಲಿ ಈ ಬೀದಿಗೆ ಬಂದಿದ್ದವು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು, ಅದಕ್ಕೇ ಮನೆಗೊಂದು. ಎದುರುಮನೆಯ ವಲೇರಿಯಾ ಅಜ್ಜಿಗೆ ತನ್ನದು ಮಾತ್ರ ಗೊತ್ತಿತ್ತು, ಉಳಿದವು ಎಲ್ಲೆಲ್ಲಿವೆ ಎಂದು ಗೊತ್ತಿರಲಿಲ್ಲ. ನಾನು ಕೇಳಲು ಹೋದಾಗ ನೆಲಮಾಳಿಗೆಗೆ ಕರೆದುಕೊಂಡು ಹೋದಳು. ಹುಳಿ ಎಲೆಕೋಸಿನ ಭರಣಿಗಳ ಕೆಳಗೆ ಬಲಗಡೆಯ ಬಾಗಿಲು, ಕಿಟಕಿಯ ಚೌಕಟ್ಟು ಸಮೇತ.

"ಅರವತ್ತಾರು ವರ್ಷ ಬಾಯಿ ಬಿಡಲಿಲ್ಲವಲ್ಲ ಅಜ್ಜಿ" ಎಂದೆ.

"ನೀನು ಅರವತ್ತಾರು ವರ್ಷದಲ್ಲಿ ಒಂದ್ಸಲ ಕೇಳಿದ್ಯಾ?"

"ನನಗೆ ನಲವತ್ತೆಂಟು."

"ಹಾಗಾದ್ರೆ ನಲವತ್ತೆಂಟು ವರ್ಷ ಕೇಳಲಿಲ್ಲ. ತಗೊಂಡು ಹೋಗು. ನನ್ನ ಭರಣಿ ಎಲ್ಲಿಡ್ಲಿ ಅಂತ ಮಾತ್ರ ಹೇಳ್ಬಿಟ್ಟು ಹೋಗು."

ಹೀಗೆ ಮನೆಮನೆಗೆ ಹೋಗಿ ಕೇಳಿ, ಮಾರ್ಚ್ ಮೊದಲ ವಾರದ ಹೊತ್ತಿಗೆ ಆರೂ ನಾಸೆರ್‌ನ ಶೆಡ್ಡಿಗೆ ಬಂದು ಸೇರಿದವು. ಕಾರಿನ ಹಿಂಭಾಗ ಯಾವುದು ಗೊತ್ತೆ? ಪಕ್ಕದ ಮನೆಯ ಹಿತ್ತಲಲ್ಲಿ ನಾವು ಆಡಿದ ಮರಳಿನ ತೊಟ್ಟಿ. ನೀನು ಮೊಳೆಯಿಂದ ಗೀರಿದ ನಿನ್ನ ಹೆಸರು ಕಾರಿನ ಹಿಂಬದಿಯ ರೆಕ್ಕೆಯ ಕೆಳಗೆ ಇನ್ನೂ ಇದೆ, ಕೊನೆಯ ಅಕ್ಷರ ತಿರುಗುಮುರುಗು.

ಇನ್ನು ವಿಟ್‌ಕಂ. ಹಳೆಯ ಕಾರುಗಳ ಬಗ್ಗೆ ಅವರಿಗಿರುವ ತಿಳಿವಳಿಕೆ ದೊಡ್ಡದು, ಮನುಷ್ಯ ಕೆಟ್ಟವರೂ ಅಲ್ಲ. ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷ ಈ ಕಾರನ್ನು ಹುಡುಕಿಕೊಂಡು ಒಮ್ಮೆ ಮನೆಗೆ ಬಂದಿದ್ದರು. ಅದನ್ನು ಕೊನೆಗೆ ಬರೆಯುತ್ತೇನೆ. ಈಗ ಅವರು ಸರೋವರದ ದಂಡೆಯ ದೊಡ್ಡ ಕಾರು ಪ್ರದರ್ಶನದ ಮುಖ್ಯಸ್ಥರು. ಸುದ್ದಿ ಕೇಳಿ ಶೆಡ್ಡಿಗೆ ಬಂದು ಕಾರಿನ ಸುತ್ತ ಮೂರು ಸುತ್ತು ಹಾಕಿದರು, ಕಣ್ಣಲ್ಲಿ ನೀರೂ ಬಂತು. ಆಮೇಲೆ ಷರತ್ತುಗಳು ಬಂದವು.

"ಮೇಡಂ, ಈ ಗರಗಸದ ಗೆರೆಗಳನ್ನ ತುಂಬಿಸಿ ಬಣ್ಣ ಹೊಡೆಸ್ಬೇಕು. ಇದನ್ನ ನೋಡಿ ಜನ ಏನಂತಾರೆ?"

"ಗರಗಸದಿಂದ ಕುಯ್ದಿದ್ರು ಅಂತಾರೆ" ಎಂದೆ.

"ಒಂದು ಇಂಜಿನ್ನೂ ಕೂರಿಸ್ಬೇಕು. ತೀರ್ಪುಗಾರರ ಮುಂದೆ ತಾನಾಗಿ ಓಡಿ ಬಂದ್ರೇನೇ ಬಹುಮಾನ."

"ಇದು ಯಾವತ್ತೂ ಓಡಿದ್ದಲ್ಲ ಸರ್. ಇದಕ್ಕೆ ಇಂಜಿನ್ನೇ ಇರ್ಲಿಲ್ಲ. ಎಲ್ಲಾ ಊರಲ್ಲೂ ವೇದಿಕೆ ಮೇಲಕ್ಕೆ ಜನಾನೇ ತಳ್ಳಿದ್ದು."

"ಈಗ ಓಡಿದ್ರೆ ಯಾರಿಗೆ ನಷ್ಟ?"

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ನಾಸೆರ್ ಹೇಳಿದ: "ತಳ್ಳಿದೋರಿಗೆ."

ಹೆಸರಿನ ಫಲಕದ ನಕಲನ್ನೂ ತಂದಿದ್ದರು. ಅದರಲ್ಲಿ ಸ್ಟುಡಿಯೋದ ಮುಖ್ಯಸ್ಥನ ಹೆಸರೊಂದೇ ಇತ್ತು. ಅಪ್ಪನದು ಎಲ್ಲಿ ಎಂದು ಕೇಳಿದೆ. ಅಚ್ಚು ತೆಗೆದವರ ಹೆಸರು ಹಾಕುವ ಪದ್ಧತಿ ಇಲ್ಲ ಎಂದು ಮೆತ್ತಗೆ ಹೇಳಿದರು. ನೀನು ಗೌರವ ಎಂದು ಬರೆದದ್ದು ಇದಕ್ಕೆ, ಇರೆನಾ. ಅವನ ಹೆಸರಿಲ್ಲ, ಅವನ ಗರಗಸದ ಗೆರೆಯಿಲ್ಲ, ನಿನ್ನ ಮೊಳೆಯ ಗೀರೂ ಬಣ್ಣದ ಕೆಳಗೆ ಹೋಗುತ್ತದೆ. ಆ ಕಾರು ಚೆನ್ನಾಗಿಯೇ ಇರುತ್ತದೆ. ಅದನ್ನು ಯಾರೂ ಯಾವತ್ತೂ ಕಡಿದಿರಲಿಲ್ಲ ಎನ್ನುವ ಹಾಗೆ ಇರುತ್ತದೆ. ಕಡಿಯಲು ಹೇಳಿದವರಿಗೆ ಅದಕ್ಕಿಂತ ಹೆಚ್ಚಿನದೇನು ಬೇಕು?

ನಾನು ಆಗುವುದಿಲ್ಲ ಎಂದೆ. ಎರಡನೆಯ ಸಲ ಕಾಗದ ಬಂತು, ಮತ್ತೆ ಆಗುವುದಿಲ್ಲ ಎಂದು ಬರೆದೆ. ಮೂರನೆಯ ಸಲ ಅವರು ನಿನಗೆ ಬರೆದರು.

ನಾಳೆ ಅವರ ಪ್ರದರ್ಶನ. ನಾಳೆಯೇ ನಮ್ಮದೂ. ಆರೂ ತುಂಡುಗಳನ್ನು ಕಬ್ಬಿಣದ ಪಟ್ಟಿ, ಬೋಲ್ಟುಗಳಿಂದ ಬಿಗಿದಿದ್ದೇವೆ, ಗೆರೆಗಳೆಲ್ಲ ಎದ್ದು ಕಾಣುತ್ತವೆ. ಒಂದು ತುಂಡು ಪಾರಿವಾಳದ ಬೂದುಬಣ್ಣ, ಒಂದು ಬೆಂಚಿನ ಹಸಿರು, ಸಂದಿಗಳಲ್ಲಿ ಮೊದಲಿನ ಸಮುದ್ರನೀಲಿ. ಒಂದಕ್ಕೂ ಬಣ್ಣ ಹೊಡೆಸಿಲ್ಲ. ನಾಸೆರ್‌ಗೆ ನಾಳೆ ಈದ್. ಬೆಳಿಗ್ಗೆ ನಮಾಜು ಮುಗಿಸಿ ತಮ್ಮಂದಿರನ್ನು ಕರೆದುಕೊಂಡು ಬರುತ್ತಾನೆ, ನಮ್ಮ ಚರ್ಚಿನವರು ಪೂಜೆ ಮುಗಿಸಿ ಬರುತ್ತಾರೆ. ಕ್ಯಾಂಪೌ ಬೀದಿಯ ಈ ತುದಿಯಿಂದ ಆ ತುದಿಗೆ ತಳ್ಳುತ್ತೇವೆ. ಮುಂದೆ ಕಟ್ಟಲು ಒಂದು ರಟ್ಟು ಬರೆದಿದ್ದೇನೆ: "ತದೇವುಷ್ ವ್ರೋನಾ ಮಾಡಿದ್ದು, ತದೇವುಷ್ ವ್ರೋನಾ ಬಿಚ್ಚಿದ್ದು. ಮುಟ್ಟಿ ನೋಡಿ."

ಈ ಕಾಗದ ನಿನ್ನ ಕೈಗೆ ಬರುವ ಹೊತ್ತಿಗೆ ಅದೆಲ್ಲ ಮುಗಿದಿರುತ್ತದೆ. ಬೇಕೆಂದೇ ತಡ ಮಾಡಿದೆ, ತಡೆಯಲು ಬರುತ್ತೀಯ ಎಂದು. ಕೋಪ ಇಳಿದ ಮೇಲೆ ಬಾ. ಮರಳಿನ ತೊಟ್ಟಿಯಲ್ಲಿ ಇಬ್ಬರಿಗೂ ಇನ್ನೂ ಜಾಗವಿದೆ. ನಿನ್ನ ಮಂಡಿ ಬೇಗ ನೆಟ್ಟಗಾಗಲಿ, ಮಕ್ಕಳು ನಿನಗಿಂತ ಹಟಮಾರಿಗಳಾಗಲಿ, ನಿನ್ನ ಅಡಿಗೆಮನೆ ಬೆಚ್ಚಗಿರಲಿ.

ನಿನ್ನ ಅಕ್ಕ,
ಲುದ್ವಿಕಾ

ಮರೆತ ಮಾತು, ಭಾನುವಾರ ಮಧ್ಯಾಹ್ನ: ಮರೆತದ್ದಲ್ಲ, ಬರೆಯಲಾಗದೆ ಲಕೋಟೆ ಅಂಟಿಸದೆ ಇಟ್ಟಿದ್ದೆ. 2008ರ ಅಕ್ಟೋಬರಿನಲ್ಲಿ ವಿಟ್‌ಕಂ ಬಂದಾಗ ಅಪ್ಪ ಜಗಲಿಯ ಬೆಂಚಿನ ಮೇಲೆ ಕೂತಿದ್ದ. ಆ ಕಾರು ಏನಾಯಿತು ಎಂದು ಅವರು ಕೇಳಿದರು. "ಇಲ್ಲೇ ಇದೆ. ನಾನು ಅದರ ಮೇಲೇ ಕೂತಿದೀನಿ" ಎಂದ ಅಪ್ಪ. ಅವರು ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ನಾನು, "ಈಚೆಗೆ ಅಪ್ಪನಿಗೆ ನೆನಪು ಕೈಕೊಡ್ತಿದೆ, ಬೇಜಾರು ಮಾಡ್ಕೋಬೇಡಿ" ಎಂದೆ. ಅವನಿಗೆ ಕೇಳಿಸುವ ಹಾಗೆಯೇ ಎಂದೆ. ವಿಟ್‌ಕಂ ಟಿಪ್ಪಣಿ ಪುಸ್ತಕ ಮುಚ್ಚಿದರು. ಅಪ್ಪ ಬೆಂಚನ್ನು ಎರಡು ಸಲ ತಟ್ಟಿ ಎದ್ದುಹೋದ. ಮಾರ್ಚಿನಲ್ಲಿ ತೀರಿಕೊಂಡ. ಅದನ್ನು ಮಗುಚಿ ನೋಡಲು ನನಗೆ ಅರ್ಧ ನಿಮಿಷ ಸಾಕಿತ್ತು, ಇರೆನಾ. ಹದಿನಾರು ವರ್ಷ ಬೇಕಾಯಿತು.

ಇಷ್ಟು ಬರೆಯುವಾಗ ವಲೇರಿಯಾ ಅಜ್ಜಿ ಊರುಗೋಲು ಹಿಡಿದು ಬಾಗಿಲಿಗೆ ಬಂದಳು. ಯಾರಿಗೆ ಬರೀತಿದ್ದೀಯ ಎಂದು ಕೇಳಿದಳು. ಹೇಳಿದೆ. ಯಾವ ದಿನದ ವಿಷಯ ಎಂದೂ ಹೇಳಿದೆ. ಅವಳು ಹೊಸ್ತಿಲು ದಾಟಲಿಲ್ಲ.

"ಅವತ್ತು ನಿಮ್ಮಪ್ಪ ನೇರ ನಮ್ಮನೆಗೇ ಬಂದ. 'ನನ್ನ ಮಗಳಿಗೇ ಗೊತ್ತಾಗ್ಲಿಲ್ಲ, ಅಷ್ಟು ಚೆನ್ನಾಗಿ ಬಚ್ಚಿಟ್ಟಿದೀನಿ ನೋಡು' ಅಂದ. ನಗ್ತಾನೇ ಅಂದ. ಕಾಫಿ ಮಾತ್ರ ಮುಟ್ಟಲಿಲ್ಲ. ಈಗ ಎದ್ದು ಬಾ. ಎಲ್ಲಾರೂ ಒಂದೊಂದು ಕಡೆ ಕೈ ಹಾಕಿ ನಿಂತಿದಾರೆ, ಆ ಬೆಂಚಿನ ತುಂಡಿಗೆ ಮಾತ್ರ ಯಾರೂ ಹಾಕಿಲ್ಲ. ನಾಸೆರ್ ಹಾಕೋಕೆ ಬಿಡ್ತಿಲ್ಲ."