ನನ್ನ ಜಾಗದಲ್ಲಿ ಒದ್ದವನಿಗೆ

ಯಾರ್ಕ್‌ಟನ್, ಸಸ್ಕಾಚೆವನ್
ಡಿಸೆಂಬರ್, ಗುರುವಾರ

ಪ್ರೀತಿಯ ಕೋಡಿ,

ಶನಿವಾರ ನೀನು ಫುಟ್‌ಬಾಲ್ ಫೈನಲ್‌ನಲ್ಲಿ ಗೆದ್ದ ಗ್ರೇ ಕಪ್ ಹಿಡಿದುಕೊಂಡು ನಮ್ಮೂರಿಗೆ ಬರುತ್ತೀಯಂತೆ. ನಿನ್ನ ಸ್ವಾಗತಕ್ಕೆ ಕರ್ಲಿಂಗ್ ಹಾಲ್‌ಗೆ ನಮ್ಮ ತಂಡದ ಹಸಿರು ಬಾವುಟ ಕಟ್ಟುತ್ತಿದ್ದಾರೆ. ಏಣಿ ಹಿಡಿಯಲು ನನ್ನನ್ನೇ ಕರೆದರು, ಹೋಗಿ ಹಿಡಿದೆ.

ಆಗಸ್ಟ್‌ನಲ್ಲಿ ನನ್ನ ಮಂಡಿ ಹೋಗುವವರೆಗೂ ತಂಡ ಸೋಲುತ್ತಲೇ ಇತ್ತು. ನನ್ನ ಬದಲು ಚೆಂಡು ಒದೆಯಲು ನೀನು ಬಂದೆ, ಆಮೇಲೆ ಸೋಲಲೇ ಇಲ್ಲ. ಫೈನಲ್‌ನ ಕೊನೆ ಗಳಿಗೆಯಲ್ಲಿ, ಆ ಎದುರುಗಾಳಿಯಲ್ಲಿ, ನೀನು ಚೆಂಡನ್ನು ಕಂಬಗಳ ನಡುವೆ ದಾಟಿಸಿ ಗೆಲ್ಲಿಸಿದಾಗ ನಮ್ಮ ಮನೆಯವರೆಲ್ಲ ಕುಣಿದರು. ನಾನು ಒಲೆ ಮೇಲಿನ ಪೆರೋಗಿ ಕಡುಬು ನೋಡುವ ನೆಪದಲ್ಲಿ ಅಡುಗೆಮನೆಗೆ ಎದ್ದುಹೋದೆ.

ಮರುದಿನ ಕಾಫಿ ಅಂಗಡಿಯಲ್ಲಿ ಮುದುಕ ಓರೆಸ್ಟ್, "ನಿನ್ ಮಂಡಿ ಮುರಿದಿದ್ದೇ ನಮ್ ಪುಣ್ಯ ಕಣೋ ಗ್ರಾಂಟ್!" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಟೀವಿಯಲ್ಲಿ ನೀನು, "ಇದೆಲ್ಲ ಗ್ರಾಂಟಣ್ಣ ಹೇಳ್ಕೊಟ್ಟಿದ್ದು" ಅಂದೆಯಲ್ಲ, ಅದೊಂದನ್ನು ಹೇಳಬಾರದಿತ್ತು. ನಿನ್ನನ್ನು ಮನಸಾರೆ ಬೈಯಲಿಕ್ಕೂ ಆಗದಂತೆ ಮಾಡಿಬಿಟ್ಟೆ.

ಈಗ ನನ್ನದೊಂದು ಮಾತು ನಡೆಸಿಕೊಡು. ನನ್ನ ಮಗಳು ಮೀಲಾ ನನ್ನ ಸಂಖ್ಯೆಯ ಅಂಗಿ ಮಡಿಸಿಟ್ಟು ನಿನ್ನದನ್ನು ಕೊಂಡಿದ್ದಾಳೆ. "ಅಪ್ಪಾ, ಕೋಡಿ ನಂಗೆ ಒದೆಯೋದು ಹೇಳ್ಕೊಡ್ತಾನಾ?" ಅಂತ ದಿನಾ ಕೇಳುತ್ತಾಳೆ. ಅಂಗಿಗೆ ಸಹಿ ಹಾಕು, ಕಪ್ ಮುಟ್ಟಿಸು, ಜೊತೆಗೆ ನಿಂತು ಫೋಟೊ ತೆಗೆಸಿಕೋ. ಒದೆಯುವುದನ್ನು ಕೇಳಿದರೆ ಮಾತ್ರ, "ನಿಮ್ಮಪ್ಪನ ಹತ್ರ ಕಲಿ" ಅಂದುಬಿಡು.

ರಸ್ತೆಯಲ್ಲಿ ಹಿಮ ಗಟ್ಟಿಯಾಗಿದೆ, ಗಾಡಿ ನಿಧಾನವಾಗಿ ಓಡಿಸು.

ಇಂತಿ,
ಗ್ರಾಂಟ್ ಹ್ರಿಟ್ಸಾಕ್