ಅಡೆತಡೆ ಸಂಖ್ಯೆ ಹದಿನಾಲ್ಕರ ಕಿಟಕಿ

ನಿಷೇಧಿತ ವಲಯದೊಳಗೆ ಯಾರು ಕಾಲಿಡಬಹುದು, ಯಾರು ಇಡಬಾರದು ಎಂದು ತೀರ್ಮಾನಿಸುವ ಮಾನ್ಯ ಅಧಿಕಾರಿಗಳೇ,

ಬರುವ ತಿಂಗಳ ಮೂರನೇ ತಾರೀಕು, ಸೋಮವಾರ, ನೀವು ಪ್ಲಿಮತ್ತಿನಲ್ಲಿರುವ ನಮ್ಮ ಮನೆಯನ್ನು ಒಡೆಸುತ್ತಿದ್ದೀರಿ. ಆ ಹೊತ್ತಿಗೆ ಆ ಮನೆಯ ಒಡತಿ, ಎಂಬತ್ತಾರು ವರ್ಷದ ನನ್ನ ತಾಯಿ ಯೂಲಾಲಿ ಗ್ರೀನವೇ, ಅಲ್ಲಿ ಇರಬಾರದು ಎಂದು ಮೂರು ಪತ್ರ ಬರೆದು ತಿಳಿಸಿದ್ದೀರಿ. ಮೂರರಲ್ಲೂ ಸಹಿ ಒಂದೇ, ಒಕ್ಕಣೆ ಒಂದೇ. ಅಮ್ಮನ ವಯಸ್ಸು ಮಾತ್ರ ಬೇರೆ ಬೇರೆ. ಎಪ್ಪತ್ತು ದಾಟಿದವರು ಅಪಾಯದ ಹೊತ್ತಿನಲ್ಲಿ ಓಡಲಾರರು, ಆದ್ದರಿಂದ ಪ್ರವೇಶವಿಲ್ಲ ಎಂಬುದು ನಿಮ್ಮ ನಿಯಮ. ಎರಡನೆಯ ಪತ್ರದಲ್ಲಿ ನೀವು ಅವಳಿಗೆ ಅರವತ್ತೆಂಟು ವರ್ಷ ಕೊಟ್ಟಿದ್ದೀರಿ. ಆ ಉದಾರತೆಯ ಪ್ರಕಾರ ಅವಳಿಗೆ ಅಪ್ಪಣೆ ಸಿಗಬೇಕಿತ್ತು. ಅದರಲ್ಲೂ ನಿರಾಕರಿಸಿದ್ದೀರೆಂದರೆ, ಅರ್ಜಿಯನ್ನು ಓದುವ ಮೊದಲೇ ಉತ್ತರ ಸಿದ್ಧವಿತ್ತು ಎಂದು ನಾನು ತಿಳಿದರೆ ತಪ್ಪೇ?

ಮುಚ್ಚಿದ ಲಕೋಟೆಯಲ್ಲಿ ಬರೆದು ಸೋತದ್ದರಿಂದ ಈಗ ವಾರಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಮಾಂಟ್‌ಸೆರಾಟ್ ದೊಡ್ಡ ದ್ವೀಪವಲ್ಲ. ಉಳಿದಿರುವ ನಾಲ್ಕೂವರೆ ಸಾವಿರ ಜನ ಭಾನುವಾರದ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಇದನ್ನು ಓದಿರುತ್ತಾರೆ, ಓದದವರಿಗೆ ಪಕ್ಕದ ಬೆಂಚಿನವರು ಹೇಳಿರುತ್ತಾರೆ.

ನಾನು ಶಾಲೆಯಲ್ಲಿ ಪಾಠ ಹೇಳುವವಳು. ಕಳೆದ ವರ್ಷ ನಿಮ್ಮ ಕಚೇರಿಯೇ ಅಚ್ಚು ಹಾಕಿಸಿ ಮಕ್ಕಳಿಗೆ ಹಂಚಿದ ‘ದ್ವೀಪ ಪರಿಚಯ’ ಎಂಬ ಕಿರುಹೊತ್ತಿಗೆಯನ್ನು ವಾರಕ್ಕೆರಡು ಸಲ ಕಲಿಸುತ್ತೇನೆ. ಭೂಗೋಳ, ಜನ, ಆಡಳಿತ, ಆರ್ಥಿಕತೆ, ಎಲ್ಲ ಹನ್ನೆರಡು ಪುಟದಲ್ಲಿ. ಮೊದಲ ಪುಟದಲ್ಲೇ ‘ರಾಜಧಾನಿ: ಪ್ಲಿಮತ್’ ಎಂದಿದೆ. ಶಾನೀಸ್ ಎಂಬ ಹುಡುಗಿ ಕೈ ಎತ್ತಿದಳು.

“ಮಿಸ್, ರಾಜಧಾನೀಲಿ ಎಷ್ಟು ಜನ ಇದಾರೆ?”

“ಯಾರೂ ಇಲ್ಲಮ್ಮ.”

“ಒಬ್ರೂ ಇಲ್ವಾ? ಮತ್ಯಾಕೆ ರಾಜಧಾನಿ ಅಂತ ಬರ್ದಿದಾರೆ?”

“ಕಾನೂನಿನಲ್ಲಿ ಇನ್ನೂ ಅದೇ.”

ಹಿಂದಿನ ಸಾಲಿನಿಂದ ಇನ್ನೊಬ್ಬಳು, “ನಮ್ಮಜ್ಜಿ ವಿಳಾಸಾನೂ ಇನ್ನೂ ಅದೇ ಮಿಸ್. ದಾರಿ ಕೇಳಿದ್ರೆ ಅಲ್ಲಿಂದಾನೇ ಶುರು ಮಾಡ್ತಾರೆ. ಮಾರ್ಕೆಟ್ ದಾಟು, ಗಡಿಯಾರದ ಹತ್ರ ಎಡಕ್ಕೆ ತಿರುಗು ಅಂತ. ತಿರುಗೋಕೆ ಏನಿದೆ ಅಲ್ಲಿ, ಬರೀ ಬೂದಿ!” ಎಂದಳು. ತರಗತಿ ನಕ್ಕಿತು. ನಾನೂ ನಕ್ಕೆ. ನನ್ನ ತಾಯಿಯೂ ಹಾಗೇ ದಾರಿ ಹೇಳುತ್ತಾಳೆ. ನಾನೂ ಹೇಳುತ್ತೇನೆ.

ಕೊನೆಯ ಪುಟ ಆರ್ಥಿಕತೆಯದು. ‘ಪ್ರಮುಖ ರಫ್ತು: ಮರಳು.’ ಅಷ್ಟೇ. ಅದು ಯಾವ ಮರಳು, ಎಲ್ಲಿಂದ ಬಂತು ಎಂದು ಹೊತ್ತಿಗೆ ಹೇಳುವುದಿಲ್ಲ. ಜ್ವಾಲಾಮುಖಿ ಬೆಟ್ಟ ಬಾಯಿ ತೆರೆದು ನಮ್ಮ ಮೇಲೆ ಸುರಿದದ್ದೇ ಈ ಮರಳು. ನ್ಯಾಯಾಲಯ, ಔಷಧದ ಅಂಗಡಿ, ನಾನು ಪದ್ಯಗಳನ್ನು ಎರವಲು ತರುತ್ತಿದ್ದ ಗ್ರಂಥಾಲಯ, ಎಲ್ಲ ಅದರ ಕೆಳಗಿವೆ. ಅದನ್ನು ಅಗೆದು ಹಳೆಯ ಧಕ್ಕೆಯಿಂದ ಹಡಗಿಗೆ ತುಂಬಿ ಕಳಿಸುತ್ತೇವೆ. ನೆರೆಯ ದ್ವೀಪಗಳ ಹೋಟೆಲು ಗೋಡೆಗಳಲ್ಲಿ ನಮ್ಮ ಬೆಟ್ಟ ಗಾರೆಯಾಗಿ ನಿಂತಿದೆ. ನಾನು ಮರಳಿನ ವಿರೋಧಿಯಲ್ಲ. ನಮ್ಮನ್ನು ಓಡಿಸಿದ್ದೇ ನಮಗೆ ಅನ್ನ ಹಾಕುತ್ತಿದ್ದರೆ ಬೇಡವೆನ್ನಲು ನಾನ್ಯಾರು? ನನ್ನ ಸೋದರಮಾವನ ಮಗ ಫಿಟ್ಸ್‌ರಾಯ್ ವೀಕ್ಸ್ ಅಲ್ಲೇ ಅಗೆಯುವ ಯಂತ್ರ ನಡೆಸುತ್ತಾನೆ. ಅವನ ಮನೆಯ ಒಲೆ ಉರಿಯುವುದು ಅದರಿಂದಲೇ.

ಬೆಟ್ಟದ ಬಗ್ಗೆಯೂ ನನಗೆ ಯಾರೂ ಪಾಠ ಹೇಳಬೇಕಿಲ್ಲ. ತೊಂಬತ್ತೇಳರ ಜೂನಿನಲ್ಲಿ ಹತ್ತೊಂಬತ್ತು ಜನರನ್ನು ಅದು ಒಂದೇ ಮಧ್ಯಾಹ್ನ ತೆಗೆದುಕೊಂಡಿತು. ಎಚ್ಚರಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ದಿನವೂ ಹತ್ತಾರು ಲಾರಿಗಳು ನಿಷೇಧಿತ ವಲಯದ ಗೇಟು ದಾಟುತ್ತವೆ. ಹಡಗಿನಲ್ಲಿ ಬರುವ ಪ್ರವಾಸಿಗಳು ತಲೆಗೆ ಟೊಪ್ಪಿ ಹಾಕಿ, ಮಾರ್ಗದರ್ಶಿಯ ಹಿಂದೆ ಹೋಗಿ, ನಮ್ಮ ಚಾವಣಿಗಳ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬೆಟ್ಟ ಅವರನ್ನು ಕಂಡರೆ ಸುಮ್ಮನಿದ್ದು, ನನ್ನ ಅಮ್ಮನನ್ನು ಕಂಡ ಕೂಡಲೇ ಸಿಡಿಯುತ್ತದೆಯೇ?

ಈಗ ನಿಮ್ಮ ಕಡತಗಳಲ್ಲಿ ಇರಲಾರದ ಒಂದು ಸಂಗತಿ. ಅಗೆಯುವವರಲ್ಲಿ ಬಹುಪಾಲು ಜನ ಆ ಊರಿನವರೇ. ಯಂತ್ರದ ಬಕೆಟ್ಟು ಮರಳಲ್ಲಿ ಇಳಿದು ತಗಡಿಗೆ ತಾಗಿದರೆ ಸದ್ದು ಬೇರೆಯಾಗುತ್ತದಂತೆ. ಕೂಡಲೇ ಯಂತ್ರ ನಿಲ್ಲಿಸುತ್ತಾರೆ. ಕೆಳಗಿಳಿದು ಯಾರ ಮನೆ ಎಂದು ಗುರುತು ಹಿಡಿಯುತ್ತಾರೆ. ಆ ಮನೆಯವರ ಹೆಸರು ಕೂಗಿ, ಮೂರು ಸಲ ಹಾರ್ನ್ ಹೊಡೆದು, ತೆಗೆದ ಮರಳನ್ನು ಮತ್ತೆ ಮುಚ್ಚಿ, ಒಂದು ಕೋಲು ನೆಟ್ಟು ಪಕ್ಕಕ್ಕೆ ಸರಿಯುತ್ತಾರೆ. ಯಾರೂ ಇದನ್ನು ಕಲಿಸಿಲ್ಲ. ಸತ್ತವರ ಮನೆಯ ಮುಂದೆ ಹಾದು ಹೋಗುವಾಗ ಗಾಡಿಯ ವೇಗ ತಗ್ಗಿಸುತ್ತೇವಲ್ಲ, ಹಾಗೆ.

ಹೋದ ತಿಂಗಳ ಒಂದು ಭಾನುವಾರ ಫಿಟ್ಸ್‌ರಾಯ್ ಊಟಕ್ಕೆ ಬಂದ. ಅಮ್ಮ ಆಡಿನ ಸಾರು ಬಡಿಸುತ್ತಿದ್ದಳು. ಅವನು ತಟ್ಟೆ ಮುಟ್ಟದೆ ಕೂತಿದ್ದ.

“ಏನೋ, ಸಾರಲ್ಲಿ ಲವಂಗ ಜಾಸ್ತಿಯಾಯ್ತಾ?” ಎಂದಳು ಅಮ್ಮ.

“ಅತ್ತೆ, ಗುರುವಾರ ಒಂದು ಸೂರು ಸಿಕ್ತು. ಒಂದು ಕಡೆ ಹಸಿರು, ಒಂದು ಕಡೆ ನೀಲಿ.”

ಅಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. “ಹಾರ್ನ್ ಹೊಡೆದ್ಯಾ?”

“ಮೂರು ಸಲ. ಮಾವನ ಹೆಸರೂ ಕೂಗಿದೆ, ನಿಮ್ಮ ಹೆಸರೂ ಕೂಗಿದೆ.”

“ನಾನಿನ್ನೂ ಬದುಕಿದೀನಲ್ಲೋ ಕತ್ತೆ!” ಎಂದಳು ಅಮ್ಮ. ಆಮೇಲೆ ಕುರ್ಚಿ ಹುಡುಕಿ ಕೂತಳು.

ಎಂಬತ್ತೊಂಬತ್ತರ ಚಂಡಮಾರುತದಲ್ಲಿ ನಮ್ಮ ಸೂರು ಹಾರಿಹೋಗಿತ್ತು. ಪರಿಹಾರದಲ್ಲಿ ತಗಡು ಬಂತು, ಬಣ್ಣ ಅರ್ಧಕ್ಕೇ ಮುಗಿಯಿತು. ಬಂದರಿನಲ್ಲಿ ಮೇಸ್ತ್ರಿಯಾಗಿದ್ದ ಅಪ್ಪ ದೋಣಿಗೆ ಬಳಿಯುವ ನೀಲಿ ತಂದು ಉಳಿದರ್ಧಕ್ಕೆ ಬಳಿದರು. ಓಣಿಯವರು ಅದನ್ನು ‘ಎರಡು ಮನಸ್ಸಿನ ಮನೆ’ ಎಂದು ಛೇಡಿಸುತ್ತಿದ್ದರು. ಬೂದಿ ಬರುವ ಎರಡು ವರ್ಷ ಮೊದಲೇ ಅಪ್ಪ ಹೋದರು. ನಾವು ಊರು ಬಿಟ್ಟ ಇಪ್ಪತ್ತೊಂಬತ್ತು ವರ್ಷಗಳ ನಂತರ ಅವರು ಬಳಿದ ಬಣ್ಣವೇ ಮನೆಯ ಗುರುತಾಯಿತು.

ಗುರುತಾದ ಹತ್ತೇ ದಿನಕ್ಕೆ ನಿಮ್ಮ ಸುತ್ತೋಲೆ ಬಂತು. ಒಳ್ಳೆಯ ಮರಳು ಆ ಓಣಿಯ ಸುತ್ತಲೇ ಇರುವುದರಿಂದ ಅಲ್ಲಿ ‘ಅಡೆತಡೆ’ಗಳಿಗಾಗಿ ಕೆಲಸ ನಿಲ್ಲಿಸುವಂತಿಲ್ಲ, ಅವನ್ನು ಒಡೆದು ತೆರವು ಮಾಡಬೇಕು, ಹಾರ್ನನ್ನು ಸುರಕ್ಷತೆಗಲ್ಲದೆ ಬಳಸಕೂಡದು. ಕೆಳಗೆ ಪಟ್ಟಿ. ನಮ್ಮ ಮನೆ ಅದರಲ್ಲಿ ಅಡೆತಡೆ ಸಂಖ್ಯೆ ಹದಿನಾಲ್ಕು. ನಾನು ಅಲ್ಲಿ ಹದಿನೆಂಟು ವರ್ಷ ಬೆಳೆದೆ. ಯಾರಿಗೆ ಅಡ್ಡಿಯಾಗಿದ್ದೆವೋ ತಿಳಿಯದು.

ಇನ್ನು ನಾನು ಬರೆಯಲು ಹೆದರುತ್ತಿದ್ದ ಭಾಗ.

ನಾವು ಊರು ಬಿಟ್ಟದ್ದು ಒಂದು ಸಲವಲ್ಲ, ಮೂರು ಸಲ. ತೊಂಬತ್ತೈದರ ಆಗಸ್ಟಿನಲ್ಲಿ ಹೋಗಿ ಕೆಲವೇ ವಾರದಲ್ಲಿ ಬಂದೆವು. ಡಿಸೆಂಬರಿನಲ್ಲಿ ಹೋಗಿ ಹೊಸ ವರ್ಷಕ್ಕೆ ಬಂದೆವು. ಆದ್ದರಿಂದ ತೊಂಬತ್ತಾರರ ಏಪ್ರಿಲಿನಲ್ಲಿ ಮೂರನೇ ಸಲ ಹೊರಡುವಾಗ ಯಾರೂ ಅಳಲಿಲ್ಲ. ಅಭ್ಯಾಸವಾಗಿತ್ತು. ಚೀಲಕ್ಕೆ ಮೂರು ದಿನದ ಬಟ್ಟೆ ತುಂಬಿದೆವು. ಪಕ್ಕದ ಮನೆಯವರು ನೆನೆಹಾಕಿದ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಬಂದರು. ಲಾರಿ ಹತ್ತುವ ಮುಂಚೆ ಅಮ್ಮ ಕೇಳಿದಳು, “ಸಮುದ್ರದ ಕಡೆ ಕಿಟಕಿ ಮುಚ್ಚಿದ್ಯಾ?” ನನಗೆ ಹದಿನೆಂಟು. ಸೋಮಾರಿತನ, ಜೊತೆಗೆ ಲಾರಿಯಲ್ಲಿ ಒಳ್ಳೆಯ ಜಾಗ ಹಿಡಿಯುವ ಆತುರ. “ಮುಚ್ಚಿದೆ” ಎಂದೆ. ಮುಚ್ಚಿರಲಿಲ್ಲ.

ಆಮೇಲೆ ಉತ್ತರದ ಚರ್ಚೊಂದರ ಬೆಂಚುಗಳ ಮೇಲೆ ತಿಂಗಳುಗಟ್ಟಲೆ ಮಲಗಿದೆವು. ಊರು ಬೂದಿಯಲ್ಲಿ ಮುಳುಗಿತು. ಓಣಿಯ ಅರ್ಧ ಜನ ಇಂಗ್ಲೆಂಡಿಗೆ ಹೋದರು. ಅಮ್ಮ ಹೋಗಲಿಲ್ಲ. ಕೇಳಿದವರಿಗೆಲ್ಲ ಅವಳದು ಒಂದೇ ಮಾತು: “ಮೇಲೆ ಬೂದಿ ಬಿದ್ದಿರಬಹುದು. ಒಳಗೆಲ್ಲ ಹಾಗೇ ಇದೆ. ಕಿಟಕಿ ಮುಚ್ಚಿ ಬಂದಿದೀವಲ್ಲ.” ಹೊಲಿಗೆ ಯಂತ್ರ ಹಾಗೇ ಇದೆ. ಅಪ್ಪನ ಭಾನುವಾರದ ಕೋಟು ಮೊಳೆಗೆ ಹಾಗೇ ತೂಗುತ್ತಿದೆ. ಇಪ್ಪತ್ತೊಂಬತ್ತು ವರ್ಷ ಅವಳು ಹೀಗೆ ಹೇಳುವಾಗಲೆಲ್ಲ ನಾನು ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದೆ.

ನಿಮ್ಮ ಬಕೆಟ್ಟು ಸೂರು ಕಿತ್ತಾಗ ಒಳಗೇನು ಕಾಣುತ್ತದೆ ಎಂದು ನನಗೆ ಗೊತ್ತು. ತೆರೆದ ಕಿಟಕಿಯಿಂದ ಒಳಬಂದ ಬೂದಿ ಸೂರಿನವರೆಗೂ ಗಟ್ಟಿಯಾಗಿರುತ್ತದೆ. ಫಿಟ್ಸ್‌ರಾಯ್ ನೋಡುತ್ತಾನೆ, ನೋಡಿದ್ದನ್ನು ಮುಚ್ಚಿಡಲು ಅವನಿಗೆ ಬಾರದು. ನಿಮ್ಮ ಮೂರನೇ ನಿರಾಕರಣೆ ಬಂದಾಗ, ನಾಚಿಕೆಯಿಂದ ಹೇಳುತ್ತೇನೆ, ನನಗೆ ಒಂದು ಕ್ಷಣ ಹಗುರವಾಯಿತು. ಅಮ್ಮ ನೋಡಬೇಕಾಗಿಲ್ಲವಲ್ಲ ಎಂದುಕೊಂಡೆ. ಆ ಹಗುರ ನನ್ನನ್ನು ಹೆದರಿಸಿತು. ಮರುದಿನ ಮಧ್ಯಾಹ್ನ ಅವಳು ಅಂಗಳದಲ್ಲಿ ಮರಗೆಣಸು ತುರಿಯುತ್ತಿದ್ದಾಗ ಹೋಗಿ ಎದುರು ಕೂತೆ.

“ಅಮ್ಮ, ಆ ಕಿಟಕಿ ನಾನು ಮುಚ್ಚಿರ್ಲಿಲ್ಲ.”

ಅವಳು ತುರಿಯುವುದನ್ನು ನಿಲ್ಲಿಸಲಿಲ್ಲ. “ಗೊತ್ತು.”

“ಗೊತ್ತಾ?”

“ಲಾರಿ ತಿರುವಲ್ಲಿ ತಿರುಗಿ ನೋಡ್ದೆ. ಪರದೆ ಹೊರಗೆ ಹಾರಾಡ್ತಿತ್ತು.”

“ಮತ್ತೆ ಲಾರಿ ನಿಲ್ಸು ಅನ್ನಬಾರ್ದಿತ್ತಾ?”

“ಮೂರು ದಿನಕ್ಕೆ ತಾನೇ ಹೋಗ್ತಿದ್ದದ್ದು. ಮನೆಗೂ ಸ್ವಲ್ಪ ಗಾಳಿ ಆಡ್ಲಿ ಅಂದ್ಕೊಂಡೆ.”

“ಹಾಗಾದ್ರೆ ಇಷ್ಟು ವರ್ಷ ಎಲ್ಲರ ಹತ್ರ ಕಿಟಕಿ ಮುಚ್ಚಿದೀವಿ ಅಂತ ಯಾಕೆ ಹೇಳ್ತಿದ್ದೆ?”

ಆಗ ತಲೆ ಎತ್ತಿದಳು. “ನೀನು ಯಾವತ್ತು ಬಾಯಿ ಬಿಡ್ತೀಯ ಅಂತ ನೋಡ್ತಿದ್ದೆ. ಪ್ರತಿ ಸಲ ನೀನು ಎದ್ದು ಪಾತ್ರೆ ತೊಳೆಯೋಕೆ ಹೋಗ್ತಿದ್ದೆ. ಬಿಡು, ಪಾತ್ರೆನಾದ್ರೂ ಹೊಳೀತಿತ್ತು.”

ನಾನು ಅತ್ತೆ. ಅವಳು ಒದ್ದೆ ಕೈಯಿಂದಲೇ ನನ್ನ ಮುಖ ಒರೆಸಿದಳು. ಕೆನ್ನೆಗೆಲ್ಲ ಮರಗೆಣಸಿನ ಹಾಲು. ಹಾಗಿದ್ದರೆ ಒಳಗೆ ಏನೂ ಉಳಿದಿಲ್ಲವೆಂದು ನಿನಗೆ ಗೊತ್ತಲ್ಲ, ಇನ್ನೇನು ನೋಡಲು ಹೋಗಬೇಕು ಎಂದು ಕೇಳಿದೆ.

“ನೋಡೋಕಲ್ಲ ಕಣೇ. ಮನೆ ಒಡೆಯೋವಾಗ ಮನೆಯವರು ಒಬ್ರಾದ್ರೂ ಇರ್ಬೇಡ್ವಾ? ನಿಮ್ಮಪ್ಪ ಹೋಗೋವಾಗ ನಾನು ಕೈ ಹಿಡ್ಕೊಂಡಿರ್ಲಿಲ್ವಾ? ಹಾಗೆ.”

ಅಧಿಕಾರಿಗಳೇ, ನಿಮ್ಮ ಯಾವ ನಮೂನೆಯಲ್ಲಿ ಇದನ್ನು ತುಂಬಲಿ? ‘ಭೇಟಿಯ ಉದ್ದೇಶ’ ಎಂಬ ಅಂಕಣದಲ್ಲಿ ನೀವು ಕೊಟ್ಟಿರುವ ಆಯ್ಕೆಗಳು ಮೂರು: ವೈಜ್ಞಾನಿಕ, ವಾಣಿಜ್ಯ, ಪ್ರವಾಸ. ಈ ದ್ವೀಪದಲ್ಲಿ ಮನುಷ್ಯರಿಗೆ ಇನ್ನಾವ ಉದ್ದೇಶವೂ ಇರಬಾರದೆಂದು ಯಾವಾಗ ತೀರ್ಮಾನವಾಯಿತು? ನಿಮ್ಮ ಕಿರುಹೊತ್ತಿಗೆಯ ಜನರ ಪುಟದಲ್ಲಿ ನಮ್ಮನ್ನು ‘ಸ್ನೇಹಪರರು, ಸಹನಶೀಲರು’ ಎಂದು ಬಣ್ಣಿಸಿದ್ದೀರಿ. ಆಡಳಿತದ ಪುಟದಲ್ಲಿ ಲಂಡನ್ನಿನಿಂದ ಬರುವವರು, ಇಲ್ಲಿ ಆರಿಸಿದವರು, ಎಲ್ಲರ ಕರ್ತವ್ಯಗಳೂ ಇವೆ. ಆ ಹನ್ನೆರಡು ಪುಟಗಳಲ್ಲಿ ‘ಮನೆ’ ಎಂಬ ಪದ ಒಮ್ಮೆಯೂ ಬರುವುದಿಲ್ಲ. ಮಕ್ಕಳೊಂದಿಗೆ ಕೂತು ಹುಡುಕಿದ್ದೇನೆ.

ಮನೆ ಉಳಿಸಿ ಎಂದು ನಾನು ಬೇಡುತ್ತಿಲ್ಲ. ಬೇಕಾದರೆ ಒಡೆಯಿರಿ, ಹಡಗಿಗೆ ತುಂಬಿ, ಯಾರದೋ ಈಜುಕೊಳದ ಕಟ್ಟೆಯಾಗಲಿ. ನಾನು ಕೇಳುವುದು ಒಂದು ಗಂಟೆ, ಒಂದು ಕುರ್ಚಿ ಇಡುವಷ್ಟು ಜಾಗ, ಮತ್ತು ಮೂರು ಹಾರ್ನ್. ಓಡಬೇಕಾಗಿ ಬಂದರೆ ಅಮ್ಮನನ್ನು ಎತ್ತಿಕೊಂಡು ಓಡುವವಳು ನಾನು; ಬರೆದುಕೊಡುತ್ತೇನೆ. ಹಾರ್ನಿಗೆ ಫಿಟ್ಸ್‌ರಾಯ್‌ನನ್ನು ಶಿಕ್ಷಿಸಬೇಡಿ. ಈಚೆಗೆ ಅವನ ಯಂತ್ರದ ಹಾರ್ನ್ ಕೆಟ್ಟಿದೆಯಂತೆ, ಹಸಿರು ನೀಲಿ ತಗಡು ಕಂಡರೆ ತಾನಾಗಿಯೇ ಕೂಗುತ್ತದಂತೆ.

ಮೂರನೇ ತಾರೀಕು ಬೆಳಿಗ್ಗೆ ಏಳಕ್ಕೆ, ಮೊದಲ ಲಾರಿಗಿಂತ ಮುಂಚೆ, ನಾವಿಬ್ಬರೂ ಗೇಟಿನ ಹೊರಗೆ ಇರುತ್ತೇವೆ. ಅಪ್ಪಣೆ ಬಂದರೂ ಬರದಿದ್ದರೂ ಇರುತ್ತೇವೆ. ಕುರ್ಚಿಯನ್ನು ದಾರಿಯ ನಡುವೆಯೇ ಹಾಕಬೇಕೆಂದು ಅಮ್ಮ ಹೇಳಿದ್ದಾಳೆ. ಆಗ ನಿಮ್ಮ ಪಟ್ಟಿಗೆ ಅಡೆತಡೆ ಸಂಖ್ಯೆ ಹದಿನೈದನ್ನು ಸೇರಿಸಿಕೊಳ್ಳಬಹುದು. ವಯಸ್ಸು ಮಾತ್ರ ಸರಿಯಾಗಿ ಬರೆಯಿರಿ: ಎಂಬತ್ತಾರು.

ಇಂತಿ,
ಕಿಟಕಿ ಮುಚ್ಚದೆ ಬಂದವಳು,
ವರ್ನೀಸ್ ಗ್ರೀನವೇ
ಎರಡು ಮನಸ್ಸಿನ ಮನೆ, ಗಡಿಯಾರದ ಎಡಕ್ಕೆ, ಪ್ಲಿಮತ್